ಓವರ್‌ಸ್ಪೀಡ್ ಕೇಸ್ ಬೀಳದಂತೆ ಗಾಡಿ ಓಡಿಸುವುದು ಹೇಗೆ?

‘ಮೈಸೂರಿಗೆ ಹೋಗಿ ಬಂದೆ, ಎರಡು ಕೇಸ್ ಬಿದ್ದಿದೆ. ಅಷ್ಟೊಂದು ಜೋರಾಗಿ ಹೋದ ನೆನಪೇ ಇಲ್ಲ. ಇದು ಹೇಗೆ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಊರಿನ ಹೆಸರು ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಕ್ಯಾಮೆರಾ ಎಲ್ಲೆಲ್ಲಿದೆ ಅಂತ ಒಂದು ಪಟ್ಟಿ ಕೊಡಿ.’

ಮೊದಲ ಪ್ರಶ್ನೆಗೆ ಇಲ್ಲಿ ವಿವರವಾಗಿ ಉತ್ತರಿಸುತ್ತೇನೆ. ಪಟ್ಟಿಯನ್ನು ಮಾತ್ರ ಕೊಡುವುದಿಲ್ಲ. ಪಟ್ಟಿ ನೋಡಿಕೊಂಡು ಓಡಿಸುವವರು ಕ್ಯಾಮೆರಾ ಬಂದಾಗ ಗಕ್ಕನೆ ಬ್ರೇಕ್ ಹಾಕುತ್ತಾರೆ, ದಾಟಿದ ಕೂಡಲೇ ಮತ್ತೆ ಹಾರಿಸುತ್ತಾರೆ. ಹಿಂದೆ ಬರುತ್ತಿರುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಇಷ್ಟೆಲ್ಲ ಮಾಡಿಯೂ ಅವರಿಗೆ ಕೇಸ್ ತಪ್ಪುವುದಿಲ್ಲ, ಏಕೆಂದರೆ ರಸ್ತೆ ಬದಿ ನಿಲ್ಲುವ ಇಂಟರ್‌ಸೆಪ್ಟರ್ ಗಾಡಿ, ಅಂದರೆ ಸ್ಪೀಡ್ ಗನ್ ಇಟ್ಟುಕೊಂಡ ಪೊಲೀಸ್ ವಾಹನ, ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ದಂಡ ಕಟ್ಟುವವರಲ್ಲಿ ಬೇಕೆಂದೇ ಮಿತಿ ಮೀರುವವರು ಇದ್ದೇ ಇರುತ್ತಾರೆ. ನನಗೆ ಬರೆಯುವವರಲ್ಲಿ ಹೆಚ್ಚಿನವರು ಹಾಗಲ್ಲ. ತಾವು ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ, ಆ ರಸ್ತೆಯಲ್ಲಿ ಎಷ್ಟು ಹೋಗಬಹುದು ಎಂಬ ಎರಡು ಸಂಗತಿ ಅವರಿಗೆ ಆ ಕ್ಷಣದಲ್ಲಿ ಗೊತ್ತಿರಲಿಲ್ಲ, ಅಷ್ಟೇ. ಕೆಳಗಿನ ಹಂತಗಳು ಅವರಿಗಾಗಿ.

ಹೊರಡುವ ಮುನ್ನ ಬೇಕಾದ್ದು

ಆರ್‌ಸಿಯಲ್ಲಿ, ಅಂದರೆ ವಾಹನದ ನೋಂದಣಿ ದಾಖಲೆಯಲ್ಲಿ, ನೀವು ಈಗ ಬಳಸುತ್ತಿರುವ ಮೊಬೈಲ್ ನಂಬರ್ ಇರಬೇಕು. ಹಳೆಯ ನಂಬರ್ ಇದ್ದರೆ ಕೇಸ್ ಬಿದ್ದದ್ದೇ ತಿಳಿಯದೆ ವರ್ಷಗಟ್ಟಲೆ ಬಾಕಿ ಬೆಳೆಯುತ್ತದೆ. ಪರಿವಾಹನ್ ಜಾಲತಾಣದಲ್ಲಿ ಇದನ್ನು ನೀವೇ ಸರಿಪಡಿಸಬಹುದು. ಫೋನ್ ಇಡಲು ಡ್ಯಾಶ್‌ಬೋರ್ಡ್ ಮೇಲೆ ಒಂದು ಹೋಲ್ಡರ್ ಇರಲಿ. ಟೈರಿನಲ್ಲಿ ಸರಿಯಾದ ಗಾಳಿ ಇರಲಿ. ಇದಿಷ್ಟರ ಜೊತೆಗೆ ಹದಿನೈದು ನಿಮಿಷ ಬಿಡುವು ಬೇಕು. ಅದರ ಲೆಕ್ಕ ಆರನೇ ಹಂತದಲ್ಲಿದೆ.

1. ನಿಮ್ಮ ಗಾಡಿಗೆ, ಈ ರಸ್ತೆಯಲ್ಲಿ, ಮಿತಿ ಎಷ್ಟು?

‘ಹೈವೇಯಲ್ಲಿ ನೂರು’ ಎಂಬ ಒಂದೇ ಲೆಕ್ಕ ತಲೆಯಲ್ಲಿ ಕೂತಿರುವುದೇ ಮೊದಲ ತಪ್ಪು. ಮಿತಿ ರಸ್ತೆಯಿಂದ ರಸ್ತೆಗೆ ಬೇರೆ. ಒಂದೇ ರಸ್ತೆಯಲ್ಲಿ ವಾಹನದಿಂದ ವಾಹನಕ್ಕೂ ಬೇರೆ. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಗರಿಷ್ಠ ವೇಗವನ್ನು ನಿಗದಿ ಮಾಡಬಹುದು. ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ನಿರ್ದಿಷ್ಟ ರಸ್ತೆಗೆ ಅದನ್ನು ಇನ್ನಷ್ಟು ಇಳಿಸಬಹುದು. ಹಾಗಾಗಿ ರಸ್ತೆ ಬದಿಯ ಫಲಕ ಏನು ಹೇಳುತ್ತದೋ ಅದನ್ನೇ ನಂಬಿ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ., ಬಸ್ಸು–ಲಾರಿಗಳಂಥ ಭಾರಿ ವಾಹನಕ್ಕೆ 80. ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಳದಿ ಬೋರ್ಡಿನ ಟ್ಯಾಕ್ಸಿ ಓಡಿಸುವವರು ಗಮನಿಸಿ: ನಿಮ್ಮ ಗಾಡಿಗೆ 80ಕ್ಕೆ ಕಟ್ಟಿದ ಸ್ಪೀಡ್ ಗವರ್ನರ್, ಅಂದರೆ ಅದಕ್ಕಿಂತ ಹೆಚ್ಚು ಓಡದಂತೆ ತಡೆಯುವ ಸಾಧನ, ಇರಬೇಕೆಂಬ ನಿಯಮವಿದೆ. ಅದನ್ನು ಬಿಚ್ಚಿಸಿ ನೂರರಲ್ಲಿ ಓಡಿಸಿದರೆ ಅದು ಬೇರೆಯೇ ತಪ್ಪಾಗುತ್ತದೆ.

‘ಕಾನೂನಿನಲ್ಲಿ 120 ಇದೆಯಲ್ಲ’ ಎಂದು ವಾದಿಸುವವರಿದ್ದಾರೆ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿಗೆ 120 ಎಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದು ನಿಜ. ಅದನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ರದ್ದುಪಡಿಸಿದ್ದೂ ನಿಜ. ನಿಮ್ಮ ಕಣ್ಣೆದುರಿನ ಫಲಕ 100 ಎನ್ನುತ್ತಿರುವಾಗ ಈ ವಾದದಿಂದ ದಂಡದಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಫಲಕ ಓದುವುದು ಸುಲಭ. ಕೆಂಪು ಅಂಚಿನ ದುಂಡು ಫಲಕದೊಳಗೆ ಅಂಕಿ ಇದ್ದರೆ ಅದು ಗರಿಷ್ಠ ವೇಗ, ಪಾಲಿಸಲೇಬೇಕಾದ ಆದೇಶ. ದುಂಡು ಬಿಳಿ ಫಲಕದ ಮೇಲೆ ಕಪ್ಪು ಓರೆ ಗೆರೆ ಎಳೆದಿದ್ದರೆ ಆ ನಿರ್ಬಂಧ ಅಲ್ಲಿಗೆ ಮುಗಿಯಿತು ಎಂದರ್ಥ. ಆ ಫಲಕ ಕಾಣುವವರೆಗೆ ಹಿಂದಿನ ಅಂಕಿಯೇ ಜಾರಿಯಲ್ಲಿದೆ ಎಂದುಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ: ಊರು ದಾಟಿದಂತೆ ಕಂಡ ಕೂಡಲೇ ಮಿತಿಯೂ ಮುಗಿಯಿತು ಎಂದುಕೊಂಡು ಆಕ್ಸಿಲರೇಟರ್ ಒತ್ತುತ್ತಾರೆ.

2. ಮೀಟರ್ ಎಷ್ಟು ನಂಬಬಹುದು?

ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಬಹುದು ಎಂಬುದು ತಯಾರಕರು ಪಾಲಿಸುವ ಮಾನದಂಡ. ಹಾಗಾಗಿ ಕಂಪನಿ ಕೊಟ್ಟ ಟೈರೇ ಇದ್ದರೆ ಮೀಟರ್‌ನಲ್ಲಿ 100 ಕಂಡಾಗ ನಿಮ್ಮ ನಿಜವಾದ ವೇಗ ಅದಕ್ಕಿಂತ ತುಸು ಕಡಿಮೆಯೇ ಇರುತ್ತದೆ.

ದೊಡ್ಡ ಟೈರ್ ಹಾಕಿಸಿದರೆ ಈ ರಕ್ಷಣೆ ಹೋಗುತ್ತದೆ. ಚಕ್ರ ಎಷ್ಟು ಸಲ ತಿರುಗಿತು ಎಂಬುದರಿಂದ ಮೀಟರ್ ವೇಗವನ್ನು ಲೆಕ್ಕ ಹಾಕುತ್ತದೆ. ಟೈರಿನ ಹೊರವ್ಯಾಸ ನೂರಕ್ಕೆ ಐದರಷ್ಟು ಹೆಚ್ಚಾದರೆ ಪ್ರತಿ ಸುತ್ತಿಗೂ ಗಾಡಿ ಅಷ್ಟೇ ಹೆಚ್ಚು ದೂರ ಹೋಗುತ್ತದೆ, ಮೀಟರ್‌ಗೆ ಮಾತ್ರ ಅದು ತಿಳಿಯುವುದಿಲ್ಲ. ಅಂದಕ್ಕೆಂದು ಅಲಾಯ್ ವೀಲ್, ದಪ್ಪ ಟೈರ್ ಹಾಕಿಸಿದವರು ‘ಮೀಟರ್‌ನಲ್ಲಿ ನೂರೇ ಇತ್ತು’ ಎನ್ನುವಾಗ ಸುಳ್ಳು ಹೇಳುತ್ತಿರುವುದಿಲ್ಲ. ಟೈರ್ ಬದಲಿಸಿದ್ದರೆ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಫೋನಿನ ಜಿಪಿಎಸ್ ತೋರಿಸುವ ವೇಗವನ್ನು ಮೀಟರಿನೊಂದಿಗೆ ಹೋಲಿಸಿ. ಅದನ್ನು ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ನಿಮ್ಮದಲ್ಲ.

3. ವೇಗವನ್ನು ಅಳೆಯುವುದು ಹೇಗೆ?

ಇದನ್ನು ತಿಳಿದರೆ ತಪ್ಪಿಸಿಕೊಳ್ಳುವ ಉಪಾಯಗಳೆಲ್ಲ ಏಕೆ ಕೆಲಸಕ್ಕೆ ಬಾರವು ಎಂಬುದೂ ಅರ್ಥವಾಗುತ್ತದೆ.

ಪೊಲೀಸರ ಕೈಯಲ್ಲಿರುವ ಸ್ಪೀಡ್ ಗನ್ ಸಾಮಾನ್ಯವಾಗಿ ಲೇಸರ್‌ನದು. ಅದು ಬೆಳಕಿನ ಮಿಡಿತಗಳನ್ನು ನಿಮ್ಮ ಗಾಡಿಯತ್ತ ಕಳಿಸಿ, ಅವು ಮರಳಲು ತೆಗೆದುಕೊಂಡ ಸಮಯದಿಂದ ದೂರವನ್ನೂ ಆ ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗವನ್ನೂ ಅಳೆಯುತ್ತದೆ. ಅದಕ್ಕೆ ಒಂದು ಕ್ಷಣ ಸಾಕು. ನಿಮಗೆ ಪೊಲೀಸರು ಕಾಣುವಷ್ಟರಲ್ಲಿ ಅಳತೆ ಮುಗಿದಿರುತ್ತದೆ.

ಕಮಾನಿನ ಮೇಲೆ ಕಾಣುವ ಕ್ಯಾಮೆರಾಗಳು ಐಟಿಎಂಎಸ್ ಎಂಬ ಸಂಚಾರ ನಿರ್ವಹಣಾ ವ್ಯವಸ್ಥೆಯವು. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಇದು 2022ರ ಡಿಸೆಂಬರ್‌ನಲ್ಲಿ ಬಂತು, ಆಮೇಲೆ ಮೈಸೂರು ಹೆದ್ದಾರಿಗೂ ಬಂತು. ಇದರಲ್ಲಿರುವ ಎಎನ್‌ಪಿಆರ್ ಕ್ಯಾಮೆರಾ ನಂಬರ್ ಪ್ಲೇಟನ್ನು ತಾನೇ ಓದುತ್ತದೆ. ಅದು ವೇಗಕ್ಕಷ್ಟೇ ಸೀಮಿತವಲ್ಲ: ಸೀಟ್ ಬೆಲ್ಟ್ ಹಾಕದಿರುವುದು, ಕಿವಿಗೆ ಫೋನ್ ಹಿಡಿದಿರುವುದೂ ಸಿಕ್ಕಿಬೀಳುತ್ತವೆ. ಒಂದೇ ಪ್ರಯಾಣಕ್ಕೆ ಮೂರು ಕೇಸ್ ಬಂದವರ ಕಥೆ ಸಾಮಾನ್ಯವಾಗಿ ಇದೇ.

ಮೂರನೆಯದು ಸರಾಸರಿ ವೇಗದ ಅಳತೆ. ರಸ್ತೆಯ ಎರಡು ಕಡೆ ಕ್ಯಾಮೆರಾ ಇಟ್ಟು, ನಡುವಿನ ದೂರವನ್ನು ನೀವು ಎಷ್ಟು ಹೊತ್ತಿನಲ್ಲಿ ಕ್ರಮಿಸಿದಿರಿ ಎಂದು ನೋಡುವುದು. 30 ಕಿ.ಮೀ. ದೂರಕ್ಕೆ 100ರ ಮಿತಿಯಲ್ಲಿ 18 ನಿಮಿಷವಾದರೂ ಬೇಕು. ನೀವು 15 ನಿಮಿಷದಲ್ಲಿ ಬಂದರೆ ಸರಾಸರಿ 120 ಆಯಿತು. ಎರಡು ಕ್ಯಾಮೆರಾಗಳ ಮುಂದೆಯೂ 90ರಲ್ಲಿ ಸಾಗಿದ್ದರೂ ಲೆಕ್ಕ ಬದಲಾಗುವುದಿಲ್ಲ.

4. ಗಾಡಿಯೇ ನಿಮ್ಮನ್ನು ಎಚ್ಚರಿಸುವಂತೆ ಮಾಡಿ

2019ರ ಜುಲೈನಿಂದ ತಯಾರಾದ ಕಾರುಗಳು 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಸದ್ದು ಮಾಡುತ್ತವೆ. ಗಮನಿಸಿ, ಈ ಎರಡರ ನಡುವೆ 100ಕ್ಕೆ ಬೇರೆ ಎಚ್ಚರಿಕೆ ಇಲ್ಲ. ನಗರದೊಳಗಿನ ಮಿತಿಗಳಿಗಂತೂ ಇಲ್ಲವೇ ಇಲ್ಲ. ಹಲವು ಕಾರುಗಳ ಸೆಟ್ಟಿಂಗ್‌ನಲ್ಲಿ ನಿಮಗೆ ಬೇಕಾದ ವೇಗಕ್ಕೆ ಎಚ್ಚರಿಕೆ ಇಟ್ಟುಕೊಳ್ಳುವ ಸೌಲಭ್ಯ ಇರುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ, 95ಕ್ಕೆ ಇಡಿ. ಗೂಗಲ್ ಮ್ಯಾಪ್ಸ್, ಮ್ಯಾಪಲ್ಸ್ ಆ್ಯಪ್‌ಗಳಲ್ಲೂ ವೇಗ ತೋರಿಸುವ ಸೌಲಭ್ಯವಿದೆ. ಆದರೆ ಆ್ಯಪ್ ತೋರಿಸುವ ಮಿತಿಗೂ ಫಲಕಕ್ಕೂ ವ್ಯತ್ಯಾಸ ಕಂಡರೆ ಫಲಕವೇ ಸರಿ.

ಕ್ರೂಸ್ ಕಂಟ್ರೋಲ್, ಅಂದರೆ ಕಾಲು ತೆಗೆದರೂ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ, ಇದ್ದರೆ ಖಾಲಿ ಹೆದ್ದಾರಿಯಲ್ಲಿ ಅದನ್ನು 95ಕ್ಕೆ ಹಾಕಿ. ಮಳೆಯಲ್ಲಿ, ಘಟ್ಟದಲ್ಲಿ, ದಟ್ಟಣೆಯಲ್ಲಿ ಬೇಡ.

5. ವೇಗ ತಾನಾಗಿ ಏರುವ ಜಾಗಗಳು

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಹೆದ್ದಾರಿಯಿಂದ ಇಳಿದ ಮೊದಲ ಐದು ನಿಮಿಷ ಬಹಳ ಕೆಟ್ಟದ್ದು. ಒಂದು ಗಂಟೆ ನೂರರಲ್ಲಿ ಸಾಗಿದ ಮೇಲೆ ಕಣ್ಣು ಆ ವೇಗಕ್ಕೆ ಒಗ್ಗಿರುತ್ತದೆ. ಆಗ 70 ಎಂದರೆ ಎತ್ತಿನ ಗಾಡಿಯಲ್ಲಿ ಕೂತಂತೆ ಅನಿಸುತ್ತದೆ. ಮದ್ದೂರಿಗೋ ಮಂಡ್ಯಕ್ಕೋ ತಿರುಗಿ ಊರೊಳಗೆ ಬಂದಾಗ ‘ನಿಧಾನವಾಗಿಯೇ ಬಂದೆ’ ಎಂದು ನೀವು ಆಣೆ ಮಾಡಿ ಹೇಳಬಲ್ಲಿರಿ, ಮೀಟರ್ ಮಾತ್ರ ಬೇರೆ ಹೇಳುತ್ತಿರುತ್ತದೆ. ಇಂಥ ಕಡೆ ಅಂದಾಜನ್ನು ನಂಬಲೇಬೇಡಿ. ಟೋಲ್ ಅಥವಾ ತಿರುವು ದಾಟಿದ ಕೂಡಲೇ ಮೀಟರ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಫ್ಲೈಓವರ್ ಇಳಿಜಾರಿನಲ್ಲಿ ನೀವು ಆಕ್ಸಿಲರೇಟರ್ ಒತ್ತದೇ ಇದ್ದರೂ ವೇಗ ಏರುತ್ತದೆ. ಏರುವಾಗ ಒತ್ತಿದ ಕಾಲನ್ನು ತುದಿ ತಲುಪುವ ಮೊದಲೇ ಸಡಿಲಿಸಿ. ಘಟ್ಟದಲ್ಲೂ ಇದೇ, ಆದರೆ ಅಲ್ಲಿ ಬ್ರೇಕೊಂದನ್ನೇ ನೆಚ್ಚಬೇಡಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ತಾನೇ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿಸುವ ಹಳೆಯ ಚಾಳಿಯನ್ನು ದಯವಿಟ್ಟು ಬಿಡಿ. ಉಳಿಯುವ ಹನಿ ಪೆಟ್ರೋಲಿಗೆ ಜೀವ ಅಡ ಇಡಬೇಡಿ.

ಓವರ್‌ಟೇಕ್ ಮಾಡುವಾಗ 115ಕ್ಕೆ ಏರಿದ ವೇಗ, ಲಾರಿ ಹಿಂದೆ ಉಳಿದ ಮೇಲೂ ಅಲ್ಲೇ ನಿಂತುಬಿಡುತ್ತದೆ. ‘ಓವರ್‌ಟೇಕ್ ಮಾಡುತ್ತಿದ್ದೆ’ ಎಂಬುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಮಿತಿಯೊಳಗೆ ದಾಟಲಾಗದಿದ್ದರೆ ಮುಂದಿನವರೂ ಮಿತಿಯ ಹತ್ತಿರವೇ ಹೋಗುತ್ತಿದ್ದಾರೆ ಎಂದರ್ಥ, ಅವರ ಹಿಂದೆಯೇ ಇರಿ. ಗುಂಪಿನ ಜೊತೆ ಓಡುವುದೂ ಹೀಗೆಯೇ. ಎಲ್ಲರೂ 110ರಲ್ಲಿದ್ದರು ಎಂಬ ಕಾರಣಕ್ಕೆ ಕ್ಯಾಮೆರಾ ಯಾರನ್ನೂ ಬಿಡುವುದಿಲ್ಲ, ಒಬ್ಬೊಬ್ಬರ ನಂಬರನ್ನೂ ಬೇರೆ ಬೇರೆ ಓದುತ್ತದೆ. ಹಿಂದಿನವರು ಲೈಟ್ ಮಿನುಗಿಸಿ ಒತ್ತಾಯಿಸಿದರೆ ಎಡಕ್ಕೆ ಸರಿದು ಜಾಗ ಬಿಡಿ. ಅವರ ಆತುರಕ್ಕೆ ನೀವು ದಂಡ ಕಟ್ಟಬೇಕಿಲ್ಲ.

6. ಹದಿನೈದು ನಿಮಿಷ ಮೊದಲೇ ಹೊರಡಿ

ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದ ಸುಮಾರು 118 ಕಿ.ಮೀ. ಪೂರ್ತಿ 100ರಲ್ಲೇ ಹೋದರೆ 71 ನಿಮಿಷ, 120ರಲ್ಲೇ ಹೋದರೆ 59 ನಿಮಿಷ. ಉಳಿಯುವುದು 12 ನಿಮಿಷ, ಅದೂ ನಡುವೆ ಎಲ್ಲೂ ನಿಧಾನ ಮಾಡದಿದ್ದರೆ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತರೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಆ 12 ನಿಮಿಷಕ್ಕೆ ಕೊಡುವ ಬೆಲೆಯನ್ನೂ ನೋಡಿ: ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 80ರಲ್ಲಿ ಬೇಕಾದ ದೂರದ ಎರಡೂಕಾಲು ಪಟ್ಟು 120ರಲ್ಲಿ ಬೇಕು. ಎದುರಿಗೆ ನಾಯಿಯೋ ಕೆಟ್ಟು ನಿಂತ ಲಾರಿಯೋ ಕಂಡಾಗ ಆ ದೂರ ನಿಮ್ಮ ಬಳಿ ಇರುವುದಿಲ್ಲ.

7. ಇವನ್ನು ಮಾಡಲೇಬೇಡಿ

ನಂಬರ್ ಪ್ಲೇಟಿಗೆ ಮಣ್ಣು ಮೆತ್ತುವುದು, ಒಂದು ಅಂಕಿಗೆ ಟೇಪ್ ಅಂಟಿಸುವುದು, ಪ್ಲೇಟ್ ಬಾಗಿಸುವುದು, ಹೊಳಪಿನ ದ್ರವ ಬಳಿಯುವುದು. ಇದನ್ನೆಲ್ಲ ಹೇಳಿಕೊಡುವ ವಿಡಿಯೊಗಳಿಗೆ ಕೊರತೆಯಿಲ್ಲ. ಸಾವಿರ ರೂಪಾಯಿಯ ದಂಡದಲ್ಲಿ ಮುಗಿಯಬೇಕಿದ್ದ ವಿಷಯ ಇದರಿಂದ ಎಫ್‌ಐಆರ್‌ವರೆಗೆ ಹೋಗಬಹುದು. ನೀವು ತಿದ್ದಿದ ಅಂಕಿ ಇನ್ಯಾರದೋ ಗಾಡಿಯ ನಂಬರ್ ಆಗಿ, ಆ ಅಮಾಯಕರಿಗೆ ಕೇಸ್ ಹೋಗುವ ಸಾಧ್ಯತೆಯೂ ಇದೆ. ಸಿಗ್ನಲ್ ಕೆಡಿಸುವ ಜಾಮರ್‌ಗಳನ್ನು ಖಾಸಗಿಯವರು ಇಟ್ಟುಕೊಳ್ಳುವುದೇ ಕಾನೂನುಬಾಹಿರ.

ಲೈಸೆನ್ಸ್ ಇಲ್ಲದ ಮಗನಿಗೋ ಮಗಳಿಗೋ ಗಾಡಿ ಕೊಡಬೇಡಿ. ಅಪ್ರಾಪ್ತರು ಸಿಕ್ಕಿಬಿದ್ದರೆ 199ಎ ಸೆಕ್ಷನ್ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

8. ದಂಡ ಎಷ್ಟು, ಯಾವಾಗ ಜೈಲಿನ ಮಾತು ಬರುತ್ತದೆ?

183ನೇ ಸೆಕ್ಷನ್‌ನಲ್ಲಿ ಲಘು ವಾಹನಕ್ಕೆ 1,000ದಿಂದ 2,000 ರೂ., ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂ. ಎಂದಿದೆ. ಕರ್ನಾಟಕದಲ್ಲಿ ಕಾರಿಗೆ ವಸೂಲಾಗುವುದು 1,000 ರೂ. ಎರಡನೇ ಬಾರಿಯಿಂದ ಡಿಎಲ್ ವಶಪಡಿಸಿಕೊಳ್ಳಬಹುದು. ಅತಿವೇಗಕ್ಕೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

130 ದಾಟಿದರೆ ಮಾತೇ ಬೇರೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಅಂಥವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಪೊಲೀಸರು ಪ್ರಕಟಿಸಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅಡಿ ನಿರ್ಲಕ್ಷ್ಯದ ಚಾಲನೆಗೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಪಾಸ್‌ಪೋರ್ಟ್ ಪರಿಶೀಲನೆ, ಸರ್ಕಾರಿ ಕೆಲಸದ ಪೊಲೀಸ್ ವರದಿ ಬಾಕಿ ಇರುವ ಹುಡುಗರು ಇದನ್ನು ಎರಡು ಸಲ ಓದಿಕೊಳ್ಳಿ.

9. ತಿಂಗಳಿಗೊಮ್ಮೆ ಚಲನ್ ನೋಡಿ, ನಕಲಿಯನ್ನು ಗುರುತಿಸಿ

ಪರಿವಾಹನ್ ಇ–ಚಲನ್ ತಾಣ, ಕರ್ನಾಟಕ ಒನ್, ಬೆಂಗಳೂರಿನವರಾದರೆ ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್. ಇವುಗಳಲ್ಲಿ ಗಾಡಿ ನಂಬರ್ ಹಾಕಿದರೆ ಬಾಕಿ ಕಾಣುತ್ತದೆ. ಅರ್ಧ ದಂಡದ ರಿಯಾಯಿತಿ 2023ರ ಫೆಬ್ರುವರಿಯಲ್ಲಿ ಬಂತು, 2025ರಲ್ಲೂ ಬಂತು, ಮತ್ತೆ ಬಂದಾಗ ಕಟ್ಟೋಣ ಎಂದು ಹಲವರು ಕಾಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಪ್ಪು ಲೆಕ್ಕ. ಕಾಯುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ತಪ್ಪಿಗೆ ಇನ್ನೂ ನಾಲ್ಕು ಕೇಸ್ ಬಿದ್ದಿರುತ್ತವೆ. ಮೊದಲನೆಯದನ್ನು ಕೂಡಲೇ ನೋಡಿದ್ದರೆ ಆ ಜಾಗದಲ್ಲಿ ಮಿತಿ ಎಷ್ಟಿದೆ ಎಂದಾದರೂ ತಿಳಿಯುತ್ತಿತ್ತು.

ಎಚ್ಚರಿಕೆ: ವಾಟ್ಸ್‌ಆ್ಯಪ್‌ನಲ್ಲಿ ‘ನಿಮ್ಮ ಗಾಡಿಗೆ ದಂಡ ಬಿದ್ದಿದೆ’ ಎಂದು ಎಪಿಕೆ ಫೈಲ್, ಅಂದರೆ ಫೋನಿಗೆ ನೇರವಾಗಿ ಇನ್‌ಸ್ಟಾಲ್ ಆಗುವ ಆ್ಯಪಿನ ಕಡತ, ಬಂದರೆ ಒತ್ತಬೇಡಿ. ಅದು ಫೋನ್ ಹೊಕ್ಕು ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚನೆ. ಸರ್ಕಾರಿ ತಾಣದ ವಿಳಾಸ ‘.gov.in’ ಎಂದು ಮುಗಿಯುತ್ತದೆ. ಬಂದ ಲಿಂಕ್ ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

10. ಕೇಸ್ ತಪ್ಪಾಗಿ ಬಿದ್ದಿದ್ದರೆ

ಸುಮ್ಮನೆ ಕಟ್ಟಬೇಡಿ, ಸುಮ್ಮನೆ ಬಿಡಲೂಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮ ನಿಮ್ಮ ಪರವಾಗಿಯೂ ಇದೆ. ಅದರ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಅದರಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಚಿತ್ರ, ಸಾಧನ ಅಳೆದ ವೇಗ, ದಿನಾಂಕ, ಸಮಯ, ಸ್ಥಳ ಇರಬೇಕು. ಸಾಧನಕ್ಕೆ ಪ್ರತಿ ವರ್ಷ ನವೀಕರಿಸಿದ ಅನುಮೋದನಾ ಪ್ರಮಾಣಪತ್ರ ಇರಬೇಕು. ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಫಲಕ ಕಾಣುವಂತಿರಬೇಕು. ‘ಜೋರಾಗಿ ಬಂದಂತೆ ಕಂಡಿತು’ ಎಂಬ ಒಬ್ಬ ಸಾಕ್ಷಿಯ ಅಭಿಪ್ರಾಯವೊಂದರ ಮೇಲೆ, ಯಾವ ಸಾಧನದ ಅಳತೆಯೂ ಇಲ್ಲದೆ, ಶಿಕ್ಷೆ ಕೊಡುವಂತಿಲ್ಲ ಎಂದು 183ನೇ ಸೆಕ್ಷನ್ನೇ ಹೇಳುತ್ತದೆ.

ಮೊದಲು ಚಿತ್ರ ತೆರೆದು ನೋಡಿ. ಗಾಡಿಯ ಬಣ್ಣ, ಮಾದರಿ, ನಂಬರಿನ ಪ್ರತಿ ಅಕ್ಷರ ನಿಮ್ಮದೇನಾ? ಕ್ಯಾಮೆರಾ ಒಂದು ಅಕ್ಷರವನ್ನು ಇನ್ನೊಂದೆಂದು ಓದಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಆ ದಿನ ಗಾಡಿ ಬೇರೆಡೆ ಇತ್ತು ಎಂಬುದಕ್ಕೆ ಫಾಸ್ಟ್ಯಾಗ್ ವಿವರ, ಪಾರ್ಕಿಂಗ್ ಚೀಟಿ, ಗ್ಯಾರೇಜಿನ ಬಿಲ್ ಏನಿದ್ದರೂ ತೆಗೆದಿಡಿ. ಇವುಗಳ ಜೊತೆ ಆರ್‌ಸಿ ಪ್ರತಿ ಇಟ್ಟು ಚಲನ್ ಕೊಟ್ಟ ಪೊಲೀಸ್ ಘಟಕಕ್ಕೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯದಲ್ಲಿ ತಕರಾರು ಹೇಳುವ ಹಕ್ಕು ನಿಮಗಿದೆ. ಒಮ್ಮೆ ಹಣ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ, ಮತ್ತೆ ತಕರಾರು ಎತ್ತುವುದು ಕಷ್ಟ. ಆದ್ದರಿಂದ ಕ್ರಮ ತಪ್ಪಿಸಬೇಡಿ: ಚಿತ್ರ ನೋಡಿ, ದೂರು ಕೊಡಿ, ಹಣದ ಮಾತು ಆಮೇಲೆ.

ಮಾರಿದ ಗಾಡಿಗೆ ಕೇಸ್ ಬಂದಿದೆ ಎಂದು ಬರೆಯುವವರೂ ಕಡಿಮೆಯಿಲ್ಲ. ಗಾಡಿ ಕೈಬದಲಾದ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು, ಅದಕ್ಕೆ ಫಾರಂ 29 ಇದೆ. ಕೊಂಡವರು ಮಾಡಿಸಿಕೊಳ್ಳುತ್ತಾರೆ ಎಂದು ಬಿಟ್ಟರೆ ದಾಖಲೆಯಲ್ಲಿ ಮಾಲೀಕರು ನೀವೇ, ಚಲನ್ ಬರುವುದೂ ನಿಮ್ಮ ಹೆಸರಿಗೇ. ಹಾಗೆ ಬಂದಿದ್ದರೆ ಮಾರಾಟದ ಕರಾರು ಪತ್ರ, ಗಾಡಿ ಕೊಟ್ಟ ದಿನದ ರಸೀದಿ ಹಿಡಿದು ಮೊದಲು ಆರ್‌ಟಿಒಗೆ ಹೋಗಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಅದರ ಸ್ವೀಕೃತಿ ಕೈಗೆ ಬಂದ ಮೇಲೆ ಪೊಲೀಸರ ಬಳಿ ಹೋಗಿ.